ಹುಲ್ಲು ಕೊಯ್ಯುವ ಕೈ ಮತ್ತು ವಜ್ರಮುಷ್ಟಿ

ಒಂದು ಜನಾಂಗದ ದುಡಿಮೆ ಎಂತಹುದೋ ಅದರ ಗಾದೆ, ಬೈಗುಳ, ಹೊಡೆತಗಳ ಹೆಸರುಗಳೂ ಅಂತಹವೇ. ತೋಳನ್ನು ಅಗಲವಾಗಿ ಬೀಸಿ, ಮೈಭಾರವನ್ನೆಲ್ಲ ಹೇರಿ ಹೊಡೆಯುವ ಪ್ರಚಂಡ ಗುದ್ದನ್ನು ಇಂಗ್ಲಿಷಿನಲ್ಲಿ ‘ಹೇಮೇಕರ್’ ಎನ್ನುತ್ತಾರೆ. ಮಾತಿನ ಮೂಲಾರ್ಥ ‘ಹುಲ್ಲನ್ನು ಕೊಯ್ದು ಒಣಗಿಸುವವನು’ ಎಂದಷ್ಟೇ. 15ನೆಯ ಶತಮಾನದಿಂದಲೂ ಈ ಪದ ರೈತನನ್ನು ಸೂಚಿಸುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಅದು ಮುಷ್ಟಿಕಾಳಗದ ಕಣವನ್ನು ಸೇರಿ ಗುದ್ದಿನ ಹೆಸರಾಯಿತು. ಉದ್ದ ಹಿಡಿಯ ದೊಡ್ಡ ಕುಡುಗೋಲನ್ನು ನಿಂತ ನಿಲುವಿನಲ್ಲೇ ಅರ್ಧಚಂದ್ರಾಕಾರವಾಗಿ ಬೀಸುವ ಹುಲ್ಲು ಕೊಯ್ಯುವವನ ತೋಳಿಗೂ ಮಲ್ಲನ ತೋಳಿಗೂ ಇರುವ ಹೋಲಿಕೆಯೇ ಇದಕ್ಕೆ ಕಾರಣವೆಂಬುದು ನಿಘಂಟುಕಾರರ ಊಹೆ.

ನೆದರ್ಲ್ಯಾಂಡ್ಸಿನ ಬಾಡ್‌ಹೂವೆಡಾರ್ಪ್‌ನಲ್ಲಿ ಕುಳಿತು ಈ ಪದವನ್ನು ಕುರಿತು ಯೋಚಿಸುವುದು ಸಹಜವೇ. ಸ್ಕಿಪೋಲ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಈ ಊರಿಗೆ ಒಂದು ಬೇಸಾಯದ ಮನೆಯೇ ಹೆಸರು ಕೊಟ್ಟಿದೆ. ಡಚ್ ಭಾಷೆಯಲ್ಲಿ ‘ಹೂವೆ’ ಎಂದರೆ ಒಕ್ಕಲು ಮನೆ, ‘ಡಾರ್ಪ್’ ಎಂದರೆ ಹಳ್ಳಿ. ಇಲ್ಲಿ ಹಿಂದೆ ಹಾರ್ಲೆಮರ್ಮೇರ್ ಎಂಬ ವಿಶಾಲ ಸರೋವರವಿತ್ತು. ಮೂರು ಮಹಾ ಉಗಿಯಂತ್ರ ಕೇಂದ್ರಗಳಿಂದ ಅದರ ನೀರನ್ನೆತ್ತಿ 1852ರಲ್ಲಿ ಸುಮಾರು 18,000 ಹೆಕ್ಟೇರ್ ನೆಲವನ್ನು ಹೊರತೆಗೆದರು. ಆ ಹೊಸ ನೆಲದಲ್ಲಿ ಯಾಕೋಬ್ ಪೌಲಸ್ ಆಮರ್ಸ್‌ಫೋರ್ಟ್ ಎಂಬ ಗೃಹಸ್ಥರು ‘ಬಾಡ್‌ಹೂವೆ’ ಎಂಬ ಮಾದರಿ ಕೃಷಿಕ್ಷೇತ್ರವನ್ನು ಕಟ್ಟಿದರು. ಊರು ಬೆಳೆದು ಹೊಲಗಳು ಮನೆಗಳಾದವು. ಹೆಸರು ಮಾತ್ರ ಉಳಿಯಿತು. ದುಡಿಮೆ ಮರೆಯಾದ ಮೇಲೂ ಹೆಸರು ಬಾಳಬಲ್ಲದೆಂಬುದಕ್ಕೆ ಈ ಊರು ಒಂದು ಸಾಕ್ಷಿ, ‘ಹೇಮೇಕರ್’ ಎಂಬ ಪದ ಇನ್ನೊಂದು.

ಈ ಪದದ ಬಳಕೆಯಲ್ಲಿ ಒಂದು ಸೂಕ್ಷ್ಮವುಂಟು. ಅದು ಬಲವನ್ನು ಹೊಗಳುವಷ್ಟೇ ಅಜಾಗರೂಕತೆಯನ್ನೂ ಎತ್ತಿ ತೋರಿಸುತ್ತದೆ. ಅಷ್ಟು ದೂರದಿಂದ ಬೀಸಿ ಬರುವ ಗುದ್ದು ಎದುರಾಳಿಗೆ ಮೊದಲೇ ಕಾಣುತ್ತದೆ. ತಗುಲಿದರೆ ಕಾಳಗ ಅಲ್ಲಿಗೇ ಮುಗಿಯಿತು, ತಪ್ಪಿದರೆ ಹೊಡೆದವನೇ ಮುಗ್ಗರಿಸುವನು. 1974ರ ಅಕ್ಟೋಬರ್ 30ರಂದು ಕಿನ್ಶಾಸಾ ನಗರದಲ್ಲಿ ಜಾರ್ಜ್ ಫೋರ್‌ಮನ್ ಬೀಸಿದ ಭಾರಿ ಹೊಡೆತಗಳನ್ನು ಮಹಮ್ಮದ್ ಅಲಿ ಹಗ್ಗಕ್ಕೆ ಒರಗಿ ನಿಂತು ತಾಳಿಕೊಂಡು, ಎದುರಾಳಿಯ ತೋಳು ಸೋತ ಮೇಲೆ ಎಂಟನೆಯ ಸುತ್ತಿನಲ್ಲಿ ಅವನನ್ನು ಕೆಡವಿದ್ದು ಲೋಕವಿದಿತ. ಈ ನೀತಿಯನ್ನು ನಮ್ಮ ಹಿರಿಯರು ಎಂದೋ ಗಾದೆಯಾಗಿಸಿದ್ದಾರೆ: ಗಾಳಿಯೊಡನೆ ಗುದ್ದಾಡಿ ಮೈ ನೋಯಿಸಿಕೊಂಡಂತೆ!

ಡಚ್ಚರು ಹೊಡೆತವನ್ನು ಹಣ್ಣಿಗೆ ಹೋಲಿಸುತ್ತಾರೆ. ಅವರಲ್ಲಿ ಕಪಾಳಮೋಕ್ಷಕ್ಕೆ ‘ಕಿವಿಯ ಅಂಜೂರ’ ಎಂದೂ ಮೂತಿಯ ಮೇಲಿನ ಏಟಿಗೆ ‘ಮೂತಿಯ ಪೇರುಹಣ್ಣು’ ಎಂದೂ ಹೆಸರು. ಬೆನ್ನಿಗೆ ‘ಕಜ್ಜಾಯ’ ಬಡಿಸುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಗುದ್ದು, ಗುಮ್ಮು, ತಿವಿ, ಕುಕ್ಕು, ತದಕು ಎಂದು ನಮ್ಮಲ್ಲಿ ಏಟಿನ ಪದಗಳಿಗೆ ಬರವಿಲ್ಲ. ಆದರೆ ಹುಲ್ಲು ಕೊಯ್ಯುವವನ ಹೆಸರು ನಮ್ಮಲ್ಲಿ ಗುದ್ದಿಗೆ ಅಂಟಲಿಲ್ಲ. ನಮ್ಮ ರೈತ ಬಾಗಿ, ಎಡಗೈಯಲ್ಲಿ ಹಿಡಿದಷ್ಟನ್ನು ಮಾತ್ರ ಕುಡುಗೋಲಿನಿಂದ ತನ್ನೆಡೆಗೆ ಎಳೆದು ಕೊಯ್ಯುತ್ತಾನೆ. ಅಲ್ಲಿ ಬೀಸಿಗೆ ಎಡೆಯಿಲ್ಲ, ಇರುವುದು ‘ಹಿಡಿ’. ನಮ್ಮ ‘ಮುಷ್ಟಿ’ಯೂ ಅಂತೆಯೇ: ಹೊಡೆಯುವ ಕೈಯೂ ಮುಷ್ಟಿ, ಭಿಕ್ಷೆಗೆ ಅಳೆದು ಹಾಕುವ ಹಿಡಿ ಅಕ್ಕಿಯೂ ಮುಷ್ಟಿ. ಅದು ಬಲವೂ ಹೌದು, ಅಳತೆಯೂ ಹೌದು.

ಬಲ ಮತ್ತು ಅಳತೆಗಳ ಈ ಕೂಟವು ಚರಿತ್ರೆಯಲ್ಲಿ ಪಡೆದ ರೂಪವೇ ಕರ್ನಾಟಕದ ವಜ್ರಮುಷ್ಟಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಮಲ್ಲರನ್ನು ಅವರ ಬಲ, ದೇಹ, ವಿದ್ಯೆಗಳಿಗನುಸಾರ ವಿಂಗಡಿಸುವ ಆ ಗ್ರಂಥದಲ್ಲಿ ಶ್ರೇಷ್ಠ ವರ್ಗದವನು ‘ಜ್ಯೇಷ್ಠಿಕ’. ಮೈಸೂರಿನ ಜೆಟ್ಟಿಗಳ ಹೆಸರಿಗೂ ಈ ‘ಜ್ಯೇಷ್ಠ’ ಶಬ್ದಕ್ಕೂ ಸಂಬಂಧವುಂಟು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರ ಕಾಳಗವನ್ನು ವರ್ಣಿಸುತ್ತ, ಅದು ತನ್ನ ನಾಡಿನ ಕುಸ್ತಿಯಂತಲ್ಲ, ಹಲ್ಲು ಕಣ್ಣುಗಳಿಗೇ ಕೇಡು ತರುವಂತಹ ಗುದ್ದಾಟವೆಂದು ಬೆರಗಾಗಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದಾಗ ವಿಜಯನಗರದ ಮಹಾನವಮಿಯ ಪರಂಪರೆ ಮೈಸೂರು ಸೀಮೆಯಲ್ಲಿ ಮುಂದುವರಿಯಿತು.

ಈ ಚರಿತ್ರೆಯಲ್ಲಿ ಎಲ್ಲವೂ ಹಬ್ಬದ ಬೆಳಕಲ್ಲ. 18ನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಆಂಗ್ಲ ನಾವಿಕ ಜೇಮ್ಸ್ ಸ್ಕರಿಯ ಬರಹದಲ್ಲಿ ಜೆಟ್ಟಿಗಳ ಕಾಳಗದ ವರ್ಣನೆಯಿದೆ. ಅವರ ಬಲವನ್ನು ಅರಸೊತ್ತಿಗೆಯು ಮರಣದಂಡನೆಯ ಜಾರಿಗೂ ಬಳಸಿಕೊಂಡಿತೆಂಬುದು ಆ ಕಾಲದ ಬರಹಗಳಿಂದ ತಿಳಿಯುತ್ತದೆ. ಬಲಕ್ಕೆ ಅಳತೆಯಿಡುವವರು ಯಾರು ಎಂಬುದರ ಮೇಲೆಯೇ ಅದು ವಿದ್ಯೆಯೋ ಕ್ರೌರ್ಯವೋ ಎಂಬುದು ನಿರ್ಧಾರವಾಗುತ್ತದೆ.

ಇಂದಿಗೂ ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ಎರಡು ಜೋಡಿ ಜೆಟ್ಟಿಗಳು ಎದುರುಬದುರು ನಿಲ್ಲುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿ ಮನೆತನಗಳಿಂದ ಅವರು ಬರುತ್ತಾರೆ. ತಲೆ ಬೋಳಿಸಿ, ಚಿಕ್ಕದೊಂದು ಜುಟ್ಟು ಉಳಿಸಿ, ಕೈಯ ಗೆಣ್ಣುಗಳಿಗೆ ಮೊನೆಗಳುಳ್ಳ ಆಯುಧವನ್ನು ತೊಟ್ಟು ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ನೆತ್ತರ ಹನಿ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎಷ್ಟೋ ವೇಳೆ ಅದು ಕ್ಷಣಾರ್ಧದ ಕೆಲಸ. ಅದು ಮುಗಿದ ನಂತರವೇ ರಾಜಮನೆತನದ ವಿಜಯಯಾತ್ರೆ, ಬನ್ನಿಪೂಜೆ. ವರ್ಷವೆಲ್ಲ ಮಾಡಿದ ಸಾಧನೆ ಒಂದು ಹನಿಗಾಗಿ. ಆ ಹನಿ ಕಂಡ ಕೂಡಲೇ ಕೈ ತಡೆಯುವುದೇ ಆ ಸಾಧನೆಯ ಕೊನೆಯ ಪಾಠ. ‘ಹೇಮೇಕರ್’ ಎಂಬ ಪದದಲ್ಲಿ ಗುದ್ದಿನ ಆರಂಭದ ಚಿತ್ರವಿದೆ. ‘ವಜ್ರಮುಷ್ಟಿ’ಯ ಆಚರಣೆಯಲ್ಲಿ ಗುದ್ದು ಎಲ್ಲಿ ನಿಲ್ಲಬೇಕೆಂಬ ವಿವೇಕವಿದೆ.

ಸಮ್ಮೇಳನಕ್ಕೆ ಆಗಮಿಸಿರುವ ಕನ್ನಡ ಬಂಧುಗಳೇ, ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಪರದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ‘ಹೇಮೇಕರ್’ ಪದವನ್ನು ಯಾರೂ ಕಲಿಸಬೇಕಾಗಿಲ್ಲ. ದೂರದರ್ಶನವೂ ಆಟದ ಮೈದಾನವೂ ಅದನ್ನು ಕಲಿಸುತ್ತವೆ. ‘ವಜ್ರಮುಷ್ಟಿ’ಯನ್ನು ಕಲಿಸುವವರು ನಾವಲ್ಲದೆ ಬೇರೆ ಯಾರೂ ಇಲ್ಲ. ಉದ್ದ ಹಿಡಿಯ ಕುಡುಗೋಲು ಮೂಲೆ ಸೇರಿದರೂ ಆ ಇಂಗ್ಲಿಷ್ ಪದ ಅಳಿಯಲಿಲ್ಲ. ಜನರು ಅದಕ್ಕೆ ಮುಷ್ಟಿಕಾಳಗದಲ್ಲಿ, ರಾಜಕಾರಣದಲ್ಲಿ, ವಾದವಿವಾದದಲ್ಲಿ ಹೊಸ ಉದ್ಯೋಗ ಕೊಟ್ಟರು. ಪದಕ್ಕೆ ಕಾಯಕ ತಪ್ಪಿದರೆ ಅದು ನಿಘಂಟಿನ ಪುಟದಲ್ಲಿ ಒಣಗುತ್ತದೆ. ವರ್ಷಕ್ಕೊಂದು ಬೆಳಗ್ಗೆ ಮಾತ್ರ ಕೈಗೆ ಬರುವ ವಜ್ರಮುಷ್ಟಿಗೂ ನಮ್ಮ ಮನೆಮಾತಿನಲ್ಲಿ ಒಂದು ಉದ್ಯೋಗ ಬೇಕು.

ಆದ್ದರಿಂದ ಮುಂದಿನ ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವಾಗ ಆನೆ, ಅಂಬಾರಿಗಳ ಕಥೆಯೊಡನೆ ಜೆಟ್ಟಿಯ ಕಥೆಯನ್ನೂ ಹೇಳೋಣ. ಮಗು ಸಿಟ್ಟಿನಿಂದ ಕೈ ಎತ್ತಿದಾಗ, ಒಂದು ಹನಿಗೆ ಕೈ ತಡೆಯುವ ಆ ಮಲ್ಲನನ್ನು ನೆನಪಿಸೋಣ. ಸರೋವರ ಬತ್ತಿಸಿ ತೆಗೆದ ಈ ನೆಲದಲ್ಲಿ ಒಂದು ಒಕ್ಕಲು ಮನೆಯ ಹೆಸರು ಊರಾಗಿ ಉಳಿದಿದೆ. ನಮ್ಮ ಪದಗಳೂ ನಮ್ಮ ಮನೆಗಳಲ್ಲಿ ಹಾಗೆಯೇ ನೆಲೆಗೊಳ್ಳಲಿ.