ಆಘಾತ ಮತ್ತು ಬಿಕ್ಕಟ್ಟಿನ ಆಪ್ತಸಮಾಲೋಚನೆ: ಒಂದು ಸ್ನಾತಕೋತ್ತರ ವ್ಯಾಸಂಗ

ಎರಡು ಪದಗಳು, ಎರಡು ಸ್ಥಿತಿಗಳು

ಅಪಘಾತ, ಹಿಂಸೆ, ಯುದ್ಧ, ನೆರೆ, ಭೂಕಂಪ, ಆಪ್ತರ ಹಠಾತ್ ಸಾವು ಮೊದಲಾದವುಗಳಿಗೆ ಸಿಲುಕಿದವರಿಗೆ ಮಾತಿನ ಮೂಲಕ ನೆರವಾಗುವ ವಿದ್ಯೆಗೆ ಆಘಾತ ಮತ್ತು ಬಿಕ್ಕಟ್ಟಿನ ಆಪ್ತಸಮಾಲೋಚನೆ ಎಂದು ಹೆಸರು. ಇದನ್ನು ಸ್ನಾತಕೋತ್ತರ ಪದವಿಯ ಹಂತದಲ್ಲಿ ಕಲಿಸುವ ಕ್ರಮವು ಅಮೆರಿಕದಲ್ಲಿ ವ್ಯವಸ್ಥಿತವಾಗಿ ಬೆಳೆದಿದೆ.

ಹೆಸರಿನಲ್ಲಿ ಜೋಡಿಯಾಗಿ ಬಂದರೂ ಬಿಕ್ಕಟ್ಟು ಮತ್ತು ಆಘಾತ ಒಂದೇ ಅಲ್ಲ. ವ್ಯಕ್ತಿಯು ಅದುವರೆಗೆ ಕಷ್ಟಗಳನ್ನು ನಿಭಾಯಿಸಿಕೊಂಡು ಬಂದ ಉಪಾಯಗಳೆಲ್ಲ ಒಮ್ಮೆಲೇ ಸಾಲದಾದಾಗ ಉಂಟಾಗುವ ಸ್ಥಿತಿ ಬಿಕ್ಕಟ್ಟು. ಅದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಒಂದಲ್ಲ ಒಂದು ದಡ ಸೇರುತ್ತದೆ ಎಂಬುದು ಈ ಶಾಸ್ತ್ರದ ಹಳೆಯ ಗ್ರಹಿಕೆ. ಆಘಾತವಾದರೋ ಘಟನೆ ಮುಗಿದ ಮೇಲೂ ಮುಗಿಯದೆ ಉಳಿಯುವ ಗಾಯ. ಎಷ್ಟೋ ವರ್ಷಗಳ ಹಿಂದೆ ಬಸ್ಸು ಉರುಳಿ ಬದುಕಿಕೊಂಡವರು ಇಂದು ಬ್ರೇಕಿನ ಸದ್ದಿಗೆ ಬೆವರುತ್ತಾರೆ. ನೆನಪು ಅವರಿಗೆ ನೆನಪಾಗಿ ಬರುವುದಿಲ್ಲ, ಮತ್ತೊಮ್ಮೆ ನಡೆಯುತ್ತಿರುವ ಘಟನೆಯಾಗಿ ಬರುತ್ತದೆ. ಮೊದಲನೆಯದಕ್ಕೆ ಬೇಕಾದ ನೆರವು ಗಂಟೆಗಳ ಲೆಕ್ಕದ್ದು, ಎರಡನೆಯದಕ್ಕೆ ಬೇಕಾದದ್ದು ತಿಂಗಳುಗಳ ಲೆಕ್ಕದ್ದು. ವಿದ್ಯಾರ್ಥಿಯು ಎರಡನ್ನೂ ಕಲಿಯಬೇಕು.

ಹುಟ್ಟಿದ ಬಗೆ

1942ರ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ಮನರಂಜನಾ ಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ತಮ್ಮವರನ್ನು ಕಳೆದುಕೊಂಡವರನ್ನೂ ಮನೋವೈದ್ಯ ಎರಿಕ್ ಲಿಂಡೆಮನ್ ಮಾತನಾಡಿಸಿದರು. ತೀವ್ರ ಶೋಕದ ಲಕ್ಷಣಗಳನ್ನು ಕುರಿತು 1944ರಲ್ಲಿ ಅವರು ಪ್ರಕಟಿಸಿದ ಲೇಖನ ಈ ಶಾಸ್ತ್ರದ ಮೊದಲ ಮೈಲಿಗಲ್ಲು. ಅವರ ಒಡನಾಡಿ ಜೆರಾಲ್ಡ್ ಕ್ಯಾಪ್ಲನ್ ಆ ಚಿಂತನೆಯನ್ನು ಬಿಕ್ಕಟ್ಟಿನ ಸಿದ್ಧಾಂತವಾಗಿ ಬೆಳೆಸಿದರು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ಸಂಘದ ರೋಗಕೈಪಿಡಿಗೆ ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಷ್ಟ ಹಾಗೂ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಪರವಾದ ಹೋರಾಟ, ಇವೆರಡೂ ಅದಕ್ಕೆ ದಾರಿ ಮಾಡಿಕೊಟ್ಟವು.

ಪಠ್ಯಕ್ರಮ

ಅಮೆರಿಕದಲ್ಲಿ ಆಪ್ತಸಮಾಲೋಚನೆಯ ಪದವಿಗಳಿಗೆ ಮಾನ್ಯತೆ ನೀಡುವ ಮುಖ್ಯ ಸಂಸ್ಥೆ ಕೇಕ್ರೆಪ್. ಇದು 1981ರಲ್ಲಿ ಸ್ಥಾಪನೆಯಾಯಿತು. ಬಿಕ್ಕಟ್ಟು, ವಿಪತ್ತು ಮತ್ತು ಆಘಾತದ ಬೋಧನೆಗೆ ಅದರ 2009ರ ನಿಯಮಾವಳಿಯಲ್ಲಿ ಸ್ಪಷ್ಟವಾದ ಸ್ಥಾನ ದೊರೆಯಿತು. ಪದವಿಗೆ ಸಾಮಾನ್ಯವಾಗಿ 60 ಕ್ರೆಡಿಟ್‌ಗಳು ಬೇಕು. ಮಾನವ ವಿಕಾಸ, ನೀತಿಸಂಹಿತೆ, ಮೌಲ್ಯಮಾಪನ, ಸಂಶೋಧನಾ ವಿಧಾನ ಎಲ್ಲರಿಗೂ ಸಮಾನ. ಅದರ ಮೇಲೆ ಆತ್ಮಹತ್ಯೆಯ ಅಪಾಯವನ್ನು ಅಳೆಯುವುದು, ಮಿದುಳಿನ ಮೇಲೆ ಭಯದ ಪರಿಣಾಮ, ಮಕ್ಕಳ ಆಘಾತ, ವಿಪತ್ತಿನ ಸ್ಥಳದ ಕೆಲಸ ಮೊದಲಾದ ವಿಶೇಷ ವಿಷಯಗಳು ಸೇರುತ್ತವೆ. ಎಡ್ನಾ ಫೋವಾ ರೂಪಿಸಿದ ದೀರ್ಘ ಅಭಿಮುಖತೆಯ ಚಿಕಿತ್ಸೆ, ಪೆಟ್ರೀಷಿಯಾ ರೆಸಿಕ್ ರೂಪಿಸಿದ ಆಲೋಚನಾ ಸಂಸ್ಕರಣ ಚಿಕಿತ್ಸೆ ಇವುಗಳ ಪರಿಚಯವೂ ಇರುತ್ತದೆ. ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಹೇಳಿದ ಮೂರು ಹಂತಗಳನ್ನು ತಿಳಿಯದ ವಿದ್ಯಾರ್ಥಿ ವಿರಳ: ಮೊದಲು ಸುರಕ್ಷತೆ, ಆಮೇಲೆ ಸ್ಮರಣೆ ಮತ್ತು ಶೋಕ, ಕೊನೆಗೆ ಬದುಕಿನೊಡನೆ ಮರುಸಂಬಂಧ. ಸುರಕ್ಷತೆಯು ಮೊದಲಿಗೆ ಬಂದದ್ದು ಆಕಸ್ಮಿಕವಲ್ಲ. ಹೊಡೆಯುವ ಗಂಡನ ಮನೆಯಲ್ಲೇ ಇನ್ನೂ ವಾಸಿಸುತ್ತಿರುವವಳ ಬಳಿ ಹಳೆಯ ಗಾಯವನ್ನು ಕೆದಕುವುದು ಚಿಕಿತ್ಸೆಯಾಗದು.

ಕೇಳದಿರುವುದನ್ನು ಕಲಿಯುವುದು

ಈ ವ್ಯಾಸಂಗದ ಅತ್ಯಂತ ಬೋಧಪ್ರದ ಭಾಗ ಅದರದೇ ತಪ್ಪಿನ ಇತಿಹಾಸ. ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗಾಗಿ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ವಿಧಾನವನ್ನು ಮುಂದಿಟ್ಟರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಸಿಬ್ಬಂದಿಯನ್ನು ಗುಂಪಾಗಿ ಕೂರಿಸಿ, ಕಂಡದ್ದನ್ನೂ ಅನುಭವಿಸಿದ್ದನ್ನೂ ಹೇಳಿಸುವುದೇ ಆ ವಿಧಾನ; ಅದಕ್ಕೆ ಡಿಬ್ರೀಫಿಂಗ್ ಎಂದು ಹೆಸರು. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂಬ ಲೋಕರೂಢಿಗೆ ಒಪ್ಪುವಂತಿದ್ದ ಕಾರಣ ಅದು ಬೇಗ ಹರಡಿತು. ವೈಯಕ್ತಿಕವಾಗಿ, ಒಂದೇ ಭೇಟಿಯಲ್ಲಿ ಮುಗಿಸುವ ರೂಪವೂ ಬಂತು. ಪರೀಕ್ಷೆಗೆ ಒಡ್ಡಿದಾಗ ನಂಬಿಕೆ ನಿಲ್ಲಲಿಲ್ಲ. ಸುಟ್ಟಗಾಯದ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 13 ತಿಂಗಳ ಬಳಿಕ ಪಿಟಿಎಸ್‌ಡಿ ಕಂಡುಬಂದದ್ದು ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26ರಷ್ಟು, ಪಡೆಯದವರಲ್ಲಿ ಶೇ. 9ರಷ್ಟು. ಎರಡು ಗುಂಪುಗಳ ಗಾಯದ ತೀವ್ರತೆ ಪೂರ್ತಿ ಸಮನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮುಂದಿನ ಸಮೀಕ್ಷೆಗಳಲ್ಲಿಯೂ ಇಂಥ ಒಂದೇ ಭೇಟಿಯಿಂದ ಕಾಯಿಲೆ ತಡೆಯಾದೀತು ಎಂಬುದಕ್ಕೆ ಆಧಾರ ಸಿಗಲಿಲ್ಲ.

ಅದರ ಜಾಗದಲ್ಲಿ ಇಂದು ಕಲಿಸುವುದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಕೈಪಿಡಿ ಇದನ್ನು ಮೂರು ಕ್ರಿಯಾಪದಗಳಲ್ಲಿ ಅಡಗಿಸುತ್ತದೆ: ನೋಡು, ಕೇಳು, ಜೋಡಿಸು. ಅಪಾಯ ಇನ್ನೂ ಇದೆಯೇ ಎಂದು ನೋಡುವುದು. ಹೇಳಿದಷ್ಟನ್ನು ಕೇಳುವುದು, ಹೇಳೆಂದು ಪೀಡಿಸದಿರುವುದು. ನೀರು, ಹೊದಿಕೆ, ಕಾಣೆಯಾದವರ ಸುದ್ದಿ, ಬಂಧುಗಳು ಇವುಗಳೊಡನೆ ವ್ಯಕ್ತಿಯನ್ನು ಜೋಡಿಸುವುದು. ಹೇಳುವುದಕ್ಕೆ ಇದು ಸರಳ. ಅಳುವವರ ಎದುರು ಸುಮ್ಮನೆ ಕೂರಲು ಮಾತ್ರ ತರಬೇತಿ ಬೇಕು.

ಗಂಟೆಗಳ ಲೆಕ್ಕ

ಆದಕಾರಣ ಪದವಿಯ ತಿರುಳು ತರಗತಿಯಲ್ಲಿಲ್ಲ. ಕೇಕ್ರೆಪ್ ನಿಯಮದಂತೆ ಮೊದಲ ಹಂತದ ಪ್ರಾಯೋಗಿಕ ತರಬೇತಿ ಕನಿಷ್ಠ 100 ಗಂಟೆಗಳದು. ಅದರಲ್ಲಿ 40 ಗಂಟೆ ನೆರವು ಕೋರಿ ಬಂದವರೊಡನೆ ನೇರವಾಗಿ ಕಳೆಯಬೇಕು. ಅನಂತರದ ಇಂಟರ್ನ್‌ಶಿಪ್ 600 ಗಂಟೆಗಳದು, ನೇರ ಕೆಲಸ 240 ಗಂಟೆ. ಈ ಅವಧಿಯಲ್ಲಿ ಅನುಭವಿ ಮೇಲ್ವಿಚಾರಕರು ಪ್ರತಿ ವಾರ ವಿದ್ಯಾರ್ಥಿಯ ಸಂಭಾಷಣೆಯ ಧ್ವನಿಮುದ್ರಣ ಕೇಳಿ ಅಥವಾ ನೇರವಾಗಿ ನೋಡಿ ತಿದ್ದುತ್ತಾರೆ. ಸಂಗೀತದ ಗುರು ಸ್ವರ ತಿದ್ದುವುದಕ್ಕೆ ಇದು ಹತ್ತಿರ. ಮೇಲ್ವಿಚಾರಣೆಗೆ ಇನ್ನೊಂದು ಉದ್ದೇಶವೂ ಇದೆ. ಅನ್ಯರ ಭಯಾನಕ ಅನುಭವಗಳನ್ನು ದಿನವೂ ಕೇಳುವವರ ನಿದ್ದೆಯೂ ಲೋಕದ ಬಗೆಗಿನ ನಂಬಿಕೆಯೂ ಕದಡಬಹುದು. ಇದಕ್ಕೆ ಪರೋಕ್ಷ ಆಘಾತ ಎಂದು ಹೆಸರು. ಅದನ್ನು ದೌರ್ಬಲ್ಯವೆಂದು ಎಣಿಸದೆ ವೃತ್ತಿಯ ಅಪಾಯವೆಂದೇ ಪಾಠ ಮಾಡಲಾಗುತ್ತದೆ. ಪದವಿಯ ಬಳಿಕವೂ ಆಯಾ ರಾಜ್ಯದ ಪರವಾನಗಿಗಾಗಿ ಪರೀಕ್ಷೆ ಹಾಗೂ ಮೇಲ್ವಿಚಾರಣೆಯ ಕೆಲಸ ಬಾಕಿ ಇರುತ್ತದೆ.

ಬಳಕೆ, ಮತ್ತು ಬೆಂಗಳೂರಿನ ದಾರಿ

ಆಸ್ಪತ್ರೆ, ಶಾಲೆ, ನಿವೃತ್ತ ಸೈನಿಕರ ಕೇಂದ್ರ, ನಿರಾಶ್ರಿತರ ಶಿಬಿರ, ಸಹಾಯವಾಣಿ ಇವು ಪದವೀಧರರ ಕಾರ್ಯಕ್ಷೇತ್ರಗಳು. ಭಾರತದಲ್ಲಿ ಈ ಜ್ಞಾನ ಬೇರೊಂದು ದಾರಿ ಹಿಡಿಯಿತು. ತಜ್ಞರ ಸಂಖ್ಯೆ ಕಡಿಮೆಯಿದ್ದುದರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಬಳಿಕ ಸ್ಥಳೀಯ ಕಾರ್ಯಕರ್ತರಿಗೇ ಮನೋಸಾಮಾಜಿಕ ಆರೈಕೆಯ ತರಬೇತಿ ಕೊಟ್ಟಿತು. ವಿಪತ್ತು ನಿರ್ವಹಣೆಯಲ್ಲಿ ಮನೋಸಾಮಾಜಿಕ ನೆರವಿಗೆಂದೇ ಅಲ್ಲೊಂದು ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಕೇಂದ್ರಸ್ಥಾನವೂ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಕನ್ನಡದಲ್ಲಿ ಮಾತನಾಡುವವರು ತಮಗೆ ಆಘಾತವಾಗಿದೆ ಎಂದು ಹೇಳುವುದು ಕಡಿಮೆ. ನಿದ್ದೆ ಹತ್ತುತ್ತಿಲ್ಲ, ಎದೆ ಭಾರ, ಕೈಕಾಲಲ್ಲಿ ಶಕ್ತಿಯಿಲ್ಲ, ಹೊಟ್ಟೆಯಲ್ಲಿ ಏನೋ ಸಂಕಟ ಎನ್ನುತ್ತಾರೆ. ಸಂಕಟ ಎಂಬ ಪದ ದೇಹಕ್ಕೂ ಮನಸ್ಸಿಗೂ ಒಂದೇ. ಅದನ್ನು ಕೇಳಿಸಿಕೊಂಡ ಆಪ್ತಸಮಾಲೋಚಕರು ಊಟವಾಯಿತೇ ಎಂದೂ ವಿಚಾರಿಸಬೇಕು, ಯಾವಾಗಿನಿಂದ ಹೀಗೆ ಎಂದೂ ವಿಚಾರಿಸಬೇಕು.