ಯಾತ್ರೆಯ ನಡುವೆ ಒಂದು ವಿಶ್ರಾಂತಿ

ನಿಮ್ಮ ಕುಟುಂಬದಿಂದಲೋ ನೆರೆಮನೆಯಿಂದಲೋ ಯಾರಾದರೂ ಪವಿತ್ರ ನಾಡಿನ ಯಾತ್ರೆಗೆ ಹೋಗಿಬಂದಿದ್ದರೆ, ಅವರ ಪ್ರವಾಸದ ಪಟ್ಟಿಯನ್ನು ನೀವು ನೋಡಿರಬಹುದು. ಹತ್ತು ಹನ್ನೆರಡು ದಿನಗಳಲ್ಲಿ ಎರಡು ಮೂರು ದೇಶಗಳು. ಮುಂಜಾನೆ ಬಸ್ಸು ಹತ್ತಿದರೆ ಕೊಠಡಿ ಸೇರುವುದು ರಾತ್ರಿಗೇ. ಹಲವು ವರ್ಷಗಳ ಉಳಿತಾಯವನ್ನು ವ್ಯಯಿಸಿ ಹೊರಟವರಿಗೆ ಒಂದು ಸ್ಥಳವೂ ತಪ್ಪಬಾರದೆಂಬ ಹಂಬಲವಿರುವುದು ಸಹಜವೇ. ಆದರೆ ಕಣ್ಣು ಕಂಡದ್ದೆಲ್ಲ ಹೃದಯಕ್ಕೆ ಇಳಿಯಿತೇ? ಈ ಪ್ರಶ್ನೆ ಇಂದಿನದಲ್ಲ. ಐನೂರು ವರ್ಷಗಳಿಗೂ ಹಿಂದೆ ಯಾತ್ರಿಕ ಗುರುವೊಬ್ಬರನ್ನು ಇದು ಬಹುವಾಗಿ ಕಾಡಿತ್ತು.

ಅವರ ಹೆಸರು ಫೆಲಿಕ್ಸ್ ಫಾಬ್ರಿ. ಜರ್ಮನಿಯ ಉಲ್ಮ್ ನಗರದ ಡೊಮಿನಿಕನ್ ಮಠದ ಗುರುಗಳು. 1480ರಲ್ಲಿ ಅವರು ವೆನಿಸ್ ನಗರದಿಂದ ಹಡಗಿನಲ್ಲಿ ಪವಿತ್ರ ನಾಡಿಗೆ ಹೊರಟರು. ಅಂದಿನ ವೆನಿಸ್ಸಿನ ಹಡಗಿನ ನಾಯಕರು ಇಂದಿನ ಪ್ರವಾಸ ಸಂಸ್ಥೆಗಳಂತೆಯೇ ವ್ಯವಹರಿಸುತ್ತಿದ್ದರು. ಪ್ರಯಾಣ, ಊಟ, ದಾರಿಯ ಸುಂಕಗಳೆಲ್ಲ ಸೇರಿ ಇಂತಿಷ್ಟು ಹಣವೆಂದು ಕರಾರು ಬರೆದುಕೊಡುತ್ತಿದ್ದರು. ಅದೇ ವರ್ಷ ತುರ್ಕರು ರೋಡ್ಸ್ ದ್ವೀಪಕ್ಕೆ ಮುತ್ತಿಗೆ ಹಾಕಿದ್ದರಿಂದ ಸಮುದ್ರಯಾನ ಭಯದಿಂದ ಕೂಡಿತ್ತು. ಇಷ್ಟೆಲ್ಲ ಕಷ್ಟಪಟ್ಟು ತಲುಪಿದವರಿಗೆ ಪವಿತ್ರ ನಾಡಿನಲ್ಲಿ ದೊರೆತದ್ದು ಕೇವಲ ಒಂಬತ್ತು ದಿನ! ಹಗಲು ರಾತ್ರಿಯೆನ್ನದೆ ಒಂದು ಸ್ಥಳದಿಂದ ಮತ್ತೊಂದಕ್ಕೆ ಓಡಾಟ, ದಣಿವಾರಿಸಿಕೊಳ್ಳಲೂ ಬಿಡುವಿಲ್ಲ.

ಅದೇ ಹಡಗಿನಲ್ಲಿ ವಯಸ್ಸಾದ ಆರು ಮಂದಿ ಸ್ತ್ರೀಯರೂ ಇದ್ದರು. ಇಂಥ ವೃದ್ಧೆಯರೊಡನೆ ಪ್ರಯಾಣ ಮಾಡುವುದೇ ಎಂದು ಕೆಲವು ಶ್ರೀಮಂತ ಸರದಾರರು ಮೂಗು ಮುರಿದಿದ್ದರು. ಹಿಂದಿರುಗುವಾಗ ಆ ಬಲಿಷ್ಠರೇ ಕಾಯಿಲೆ ಬಿದ್ದರು. ಆಗ ಅವರ ಶುಶ್ರೂಷೆಗೆ ನಿಂತವರು ಆ ವೃದ್ಧೆಯರೇ. ಫಾಬ್ರಿಯವರು ಇದನ್ನು ವಿಸ್ಮಯದಿಂದ ದಾಖಲಿಸಿದ್ದಾರೆ.

ಊರಿಗೆ ಮರಳಿದರೂ ಫಾಬ್ರಿಯವರ ಮನಸ್ಸಿಗೆ ನೆಮ್ಮದಿ ದೊರೆಯಲಿಲ್ಲ. ತಾವು ಕಂಡ ಪುಣ್ಯಸ್ಥಳಗಳು ಮಬ್ಬುಗತ್ತಲೆಯಲ್ಲಿ ನೋಡಿದಂತೆ ಅಸ್ಪಷ್ಟವಾಗಿಯೇ ಉಳಿದವು. ಆದುದರಿಂದ 1483ರಲ್ಲಿ ಅವರು ಎರಡನೆಯ ಬಾರಿ ಹೊರಟರು. ಈ ಸಲದ ಕರಾರಿನಲ್ಲಿ ಒಂದು ಷರತ್ತು ಗಮನಾರ್ಹವಾಗಿದೆ: ಯಾತ್ರಿಕರು ತಕ್ಕಷ್ಟು ಕಾಲ ಪವಿತ್ರ ನಾಡಿನಲ್ಲಿ ಉಳಿಯಲು ನಾಯಕನು ಅವಕಾಶ ನೀಡಬೇಕು, ಪುಣ್ಯಸ್ಥಳಗಳಲ್ಲಿ ಅವರನ್ನು ಅವಸರಪಡಿಸಕೂಡದು. ಬಹುಪಾಲು ಯಾತ್ರಿಕರು ಹಡಗು ಹತ್ತಿ ಮರಳಿದ ಮೇಲೂ ಫಾಬ್ರಿ ಮತ್ತು ಕೆಲವರು ಜೆರುಸಲೇಮಿನಲ್ಲಿಯೇ ಉಳಿದರು. ಅವಸರವಿಲ್ಲದೆ ಕೆಲವು ವಾರಗಳನ್ನು ಅಲ್ಲಿ ಕಳೆದು, ಬಳಿಕ ಸಿನಾಯ್ ಮರುಭೂಮಿಯನ್ನು ದಾಟಿ, ಈಜಿಪ್ಟಿನ ಮಾರ್ಗವಾಗಿ 1484ರ ಆರಂಭದಲ್ಲಿ ಉಲ್ಮ್ ಸೇರಿದರು. ಅವರು ಬರೆದ ಬೃಹತ್ ಯಾತ್ರಾ ಗ್ರಂಥವನ್ನು ಇತಿಹಾಸಕಾರರು ಇಂದಿಗೂ ಆದರದಿಂದ ಓದುತ್ತಾರೆ.

ಇವರಿಗಿಂತ ಸುಮಾರು ಸಾವಿರದ ನೂರು ವರ್ಷ ಹಿಂದೆಯೇ ಎಜೀರಿಯಾ ಎಂಬ ಭಕ್ತೆ ಈ ಗುಟ್ಟನ್ನು ಅರಿತಿದ್ದಳು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಪಶ್ಚಿಮದ ದೂರದ ನಾಡಿನಿಂದ ಬಂದ ಆಕೆ ಜೆರುಸಲೇಮನ್ನು ನೆಲೆಯಾಗಿಸಿಕೊಂಡು ಮೂರು ವರ್ಷ ಕಳೆದಳು. ಆಕೆಯ ಬರಹದ ಉಳಿದ ಭಾಗ ಇಟಲಿಯ ಅರೆಝ್ಝೋ ನಗರದಲ್ಲಿ 1884ರಲ್ಲಿ ಬೆಳಕಿಗೆ ಬಂತು. ಸಿನಾಯ್ ಬೆಟ್ಟದ ಬುಡಕ್ಕೆ ಶನಿವಾರ ಸಂಜೆ ತಲುಪಿದಾಗ ಆಕೆ ಕೂಡಲೇ ಬೆಟ್ಟ ಹತ್ತಲಿಲ್ಲ. ಅಲ್ಲಿನ ಸನ್ಯಾಸಿಗಳ ಆತಿಥ್ಯದಲ್ಲಿ ರಾತ್ರಿ ತಂಗಿ, ಭಾನುವಾರ ಬೆಳಗ್ಗೆ ಏರಿದಳು. ಎದೆಸ್ಸಾ ನಗರದಲ್ಲಿ, ನಮ್ಮ ಭಾರತಕ್ಕೆ ಪ್ರೇಷಿತರಾದ ಸಂತ ತೋಮರ ಸ್ಮಾರಕ ದೇವಾಲಯದಲ್ಲಿ ಪ್ರಾರ್ಥಿಸಿ ಮೂರು ದಿನ ಉಳಿದಳು. ಹಿಂದಿರುಗುವ ಹಾದಿಯಲ್ಲಿ, ಸಂತ ತೆಕ್ಲಾರ ಪುಣ್ಯಕ್ಷೇತ್ರದಲ್ಲಿ ಮಾರ್ತಾನಾ ಎಂಬ ಹಳೆಯ ಗೆಳತಿಯನ್ನು ಕಂಡು ಎರಡು ದಿನ ತಂಗಿದಳು. ಯಾವ ಪುಣ್ಯಸ್ಥಳಕ್ಕೆ ಹೋದರೂ ಆಕೆಯದು ಒಂದೇ ಕ್ರಮ: ಮೊದಲು ಪ್ರಾರ್ಥನೆ, ಅನಂತರ ಆ ಸ್ಥಳಕ್ಕೆ ಸಂಬಂಧಿಸಿದ ಪವಿತ್ರ ಗ್ರಂಥದ ವಾಚನ, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ.

ದಣಿದ ಯಾತ್ರಿಕನಿಗೆ ನೆಲೆ ನೀಡುವುದನ್ನು ಧರ್ಮಸಭೆಯು ಆದಿಯಿಂದಲೂ ಸೇವೆಯೆಂದೇ ಭಾವಿಸಿದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 53ನೆಯ ಅಧ್ಯಾಯದಲ್ಲಿ, ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತರನ್ನೇ ಬರಮಾಡಿಕೊಳ್ಳುವಂತೆ ಬರಮಾಡಿಕೊಂಡು, ಕೈಗೆ ನೀರು ಕೊಟ್ಟು, ಪಾದ ತೊಳೆಯಬೇಕೆಂದು ವಿಧಿಸಿದರು. ಹನ್ನೊಂದನೆಯ ಶತಮಾನದಲ್ಲಿ ಸಂತ ಬೆರ್ನಾರ್ಡರು ಆಲ್ಪ್ಸ್ ಪರ್ವತದ ಕಣಿವೆದಾರಿಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ, ಯಾತ್ರಿಕರ ತಂಗುಮನೆಯೊಂದನ್ನು ಸ್ಥಾಪಿಸಿದರು. ಹಿಮದಲ್ಲಿ ದಾರಿತಪ್ಪಿದವರಿಗೆ ಅದು ಜೀವದಾನ ನೀಡಿತು. ಇಂದಿಗೂ ಅದರ ಬಾಗಿಲು ತೆರೆದಿದೆ. ನಮ್ಮ ನಾಡಿನ ಅರವಟ್ಟಿಗೆ, ಛತ್ರಗಳ ಹಿಂದಿರುವುದೂ ಇದೇ ಕರುಣೆಯಲ್ಲವೇ? ‘ಹಾಸ್ಪಿಟಲ್’, ‘ಹೋಟೆಲ್’ ಎಂಬ ಎರಡು ಪದಗಳೂ ಅತಿಥಿ ಎಂಬರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ರೋಗಿಯ ಆರೈಕೆಯೂ ಪಯಣಿಗನ ವಿಶ್ರಾಂತಿಯೂ ಒಂದೇ ಸೂರಿನಡಿ ನಡೆಯುತ್ತಿದ್ದ ಕಾಲದ ಗುರುತು ಅದು.

ಪ್ರಭು ಯೇಸುವೂ ದಣಿದವರೇ. ಸಮಾರ್ಯದ ಹಾದಿಯಲ್ಲಿ ಅವರು ಬಾವಿಯ ಬಳಿ ದಣಿದು ಕುಳಿತರು. ಆ ಕುಳಿತ ಗಳಿಗೆಯಲ್ಲಿಯೇ ಒಬ್ಬ ಸ್ತ್ರೀಯ ಬಾಳು ಬದಲಾಯಿತು. ಊಟಕ್ಕೂ ಬಿಡುವಿಲ್ಲದಂತೆ ದುಡಿದು ಬಂದ ಪ್ರೇಷಿತರನ್ನು ಅವರು ನಿರ್ಜನ ಸ್ಥಳಕ್ಕೆ ವಿಶ್ರಾಂತಿಗೆ ಕರೆದರೆಂದು ಸಂತ ಮಾರ್ಕರು ಆರನೆಯ ಅಧ್ಯಾಯದಲ್ಲಿ ತಿಳಿಸುತ್ತಾರೆ.

ಆದುದರಿಂದ, ಯಾತ್ರೆಗೆ ಹೊರಡಲಿರುವ ಓದುಗರೇ, ಹಣ ಕಟ್ಟುವ ಮುನ್ನ ಒಂದು ಮಾತು ಕೇಳಿರಿ: ಈ ಪಟ್ಟಿಯಲ್ಲಿ ಬಿಡುವಿನ ದಿನ ಯಾವುದು? ಅರ್ಧ ದಿನವಾದರೂ ಎಲ್ಲಿಗೂ ಹೋಗದಿರುವ ಅವಕಾಶವಿದೆಯೇ? ನಿಮ್ಮೊಡನೆ ವೃದ್ಧ ತಂದೆತಾಯಿಯರಿದ್ದರೆ, ಮೊಣಕಾಲು ನೋವೆಂದು ಬಾಯಿಬಿಟ್ಟು ಹೇಳಲು ಅವರು ಹಿಂಜರಿಯುತ್ತಾರೆ. ನೀವೇ ಅರಿತು ನಿಲ್ಲಿಸಿರಿ. ಗಲಿಲೇಯ ಸರೋವರದ ದಡದಲ್ಲಿ, ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಶುಭಸಂದೇಶದ ಒಂದು ಭಾಗವನ್ನು ಒಟ್ಟಿಗೆ ಓದಿ, ಮೌನವಾಗಿ ಕುಳಿತುಕೊಳ್ಳಿರಿ. ಒಂದೆರಡು ಸ್ಥಳಗಳು ತಪ್ಪಿಹೋಗಬಹುದು, ತಪ್ಪಲಿ. ಫಾಬ್ರಿಯವರಂತೆ ಎರಡನೆಯ ಬಾರಿ ಹೊರಡುವ ಅನುಕೂಲ ನಮ್ಮಲ್ಲಿ ಎಲ್ಲರಿಗೂ ಇರುವುದಿಲ್ಲ. ಹೋಗುವ ಒಂದೇ ಬಾರಿಯಲ್ಲಿ ನಿಂತು ನೋಡೋಣ, ಕುಳಿತು ಪ್ರಾರ್ಥಿಸೋಣ.