ಉಪಗ್ರಹದ ಮಾಸ್ತರು

ಕಾರಹುಣ್ಣಿಮೆಗೆ ಕಾಖಂಡಕಿಯ ಹೋರಿ ನೋಡೋಕೆ ಹೋಗಿದ್ದೆ. ಶಾಲೆ ಹುಡುಗನೊಬ್ಬ ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ತೋರಿಸಿ, “ಇದು ಖರೇ ಏನ್ರಿ?” ಅಂದ.

ಈ ಸೀಮೆಗೆ ಪರದೆ ಹೊಸದಲ್ಲ. 1975ರ ಆಗಸ್ಟ್ 1ರಂದು ಉಪಗ್ರಹ ಟಿವಿಯ ‘ಸೈಟ್’ ಪ್ರಯೋಗ (ಬೆಂಗಳೂರಿನವರ ಸೈಟ್ ಅಲ್ಲ!) ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ರಾಜಧಾನಿಗಿನ್ನೂ ದೂರದರ್ಶನ ಬಂದಿರಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬೆಳಗ್ಗೆ ಮಕ್ಕಳ ಕಾರ್ಯಕ್ರಮ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಮಾಸ್ತರರ ತರಬೇತಿ: 12 ದಿನ, ಟಿವಿ ಜೊತೆ ರೇಡಿಯೊ, ಕೈಯಾರೆ ಮಾಡುವ ಪ್ರಯೋಗ. ಆರು ರಾಜ್ಯಗಳಲ್ಲಿ, ಎರಡು ಸುತ್ತಿನಲ್ಲಿ, ಸುಮಾರು 48,000 ಶಿಕ್ಷಕರು ವಿಜ್ಞಾನ ಕಲಿಸೋದನ್ನ ಕಲಿತರು. ವರ್ಷ ತುಂಬುತ್ತಲೇ ಉಪಗ್ರಹ ವಾಪಸ್.

ಹುಡುಗನಿಗೆ, “ನಿಮ್ಮ ಸರ್‌ನ ಕೇಳಪ್ಪ” ಅಂದೆ.

“ಅವ್ರ ಕಳಿಸ್ಯಾರ್ರಿ ಇದನ್ನ.”